ವಿಮಾನಕ್ಕೆ ಸಹಿ ಹಾಕುವವರು

ವಿಮಾನವನ್ನು ಮೊದಲು ಹಾರಿಸಿದವರು ಯಾರು ಎಂದು ರಸಪ್ರಶ್ನೆ ಕಾರ್ಯಕ್ರಮದಲ್ಲಿ ಕೇಳಿದರೆ ನಿಮ್ಮಲ್ಲಿ ಹತ್ತಕ್ಕೆ ಹತ್ತು ಮಂದಿಯೂ ರೈಟ್ ಸಹೋದರರು ಎನ್ನುತ್ತೀರಿ. 1903 ಎಂದು ಇಸವಿಯನ್ನೂ ಸೇರಿಸುತ್ತೀರಿ. ಸರಿ, ಆ ವಿಮಾನದ ಎಂಜಿನ್ ಮಾಡಿದವರು ಯಾರು? ಈಗ ಗುಂಡಿ ಒತ್ತುವ ಕೈಗಳು ಕಡಿಮೆಯಾಗುತ್ತವೆ. ನಾಚಿಕೆ ಪಡಬೇಡಿ, ಅಂಥ ಕಾರ್ಯಕ್ರಮ ನಿರ್ಮಿಸುವ ನನಗೇ ಬಹಳ ವರ್ಷ ಆ ಹೆಸರು ಗೊತ್ತಿರಲಿಲ್ಲ. ಬಿ.ಎಸ್ಸಿ. ಓದುವಾಗ ವಿಮಾನದ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಹೇಗೆ ಕಡಿಮೆಯಾಗುತ್ತದೆ ಎಂದು ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೇನೆ. ಆ ರೆಕ್ಕೆಯ ಬೋಲ್ಟನ್ನು ಬಿಗಿ ಮಾಡುವವರು ಯಾರು, ಅವರು ಆ ಕೆಲಸವನ್ನು ಎಲ್ಲಿ ಕಲಿತರು ಎಂಬ ಪ್ರಶ್ನೆ ಮಾತ್ರ ನಮ್ಮ ಪಠ್ಯದಲ್ಲಿ ಇರಲಿಲ್ಲ. ಇಂದು ನಿಮ್ಮೊಡನೆ ಆ ಪ್ರಶ್ನೆಯ ಬಗ್ಗೆ ಮಾತನಾಡಬೇಕೆಂದಿದ್ದೇನೆ.

ಹೆಸರು ಚಾರ್ಲ್ಸ್ ಟೇಲರ್. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಗೆ 1901ರಲ್ಲಿ ಕೆಲಸಕ್ಕೆ ಸೇರಿದವನು, ವಾರಕ್ಕೆ 18 ಡಾಲರ್ ಸಂಬಳ. ಗ್ಲೈಡರ್ ಪ್ರಯೋಗಗಳು ಮುಗಿದು ಸಹೋದರರಿಗೆ ಎಂಜಿನ್ ಬೇಕಾದಾಗ, ಬೇಕಾದಷ್ಟು ಹಗುರವಾದ ಎಂಜಿನ್ ಮಾಡಿಕೊಡಲು ಯಾವ ಮೋಟಾರು ಕಂಪನಿಯೂ ಮುಂದೆ ಬರಲಿಲ್ಲ. ಟೇಲರ್ ಒಂದು ಲೇತ್, ಒಂದು ಡ್ರಿಲ್ ಯಂತ್ರ ಮತ್ತು ಕೈ ಉಪಕರಣಗಳನ್ನು ಇಟ್ಟುಕೊಂಡು ಆರು ವಾರಗಳಲ್ಲಿ ಅದನ್ನು ಮಾಡಿ ಮುಗಿಸಿದ. ನಾಲ್ಕು ಸಿಲಿಂಡರ್, ಸುಮಾರು 12 ಅಶ್ವಶಕ್ತಿ, ಭಾರ ಕಡಿಮೆಯಾಗಲೆಂದು ಅಲ್ಯೂಮಿನಿಯಮ್ ಎರಕದ ಕವಚ. ಕ್ರ್ಯಾಂಕ್ ಶಾಫ್ಟನ್ನು ಸುಮಾರು 45 ಕಿಲೋ ತೂಕದ ಉಕ್ಕಿನ ಒಂದೇ ಗಟ್ಟಿಯಿಂದ ಕೊರೆದು, ಉಜ್ಜಿ, ಒಂಬತ್ತು ಕಿಲೋಗಿಂತ ಕೊಂಚ ಕಡಿಮೆಗೆ ಇಳಿಸಿದ. ಇದಕ್ಕೆಲ್ಲ ನಕ್ಷೆಗಳೇ ಇರಲಿಲ್ಲ ಎಂದರೆ ನಂಬುತ್ತೀರಾ? ಮೂವರಲ್ಲಿ ಯಾರಾದರೊಬ್ಬರು ಚೂರು ಕಾಗದದ ಮೇಲೆ ಭಾಗದ ಚಿತ್ರ ಗೀಚುತ್ತಿದ್ದರು, ಟೇಲರ್ ಅದನ್ನು ತನ್ನ ಮೇಜಿನ ಮೇಲುಗಡೆ ಮೊಳೆಗೆ ಚುಚ್ಚಿಟ್ಟು ಕೆಲಸ ನಡೆಸುತ್ತಿದ್ದ.

ಡಿಸೆಂಬರ್ 17ರಂದು ವಿಮಾನ 12 ಸೆಕೆಂಡು ಹಾರಿ 120 ಅಡಿ ದೂರ ಹೋದದ್ದು ನಿಮಗೆ ಗೊತ್ತೇ ಇದೆ. ಅಲ್ಲಿಂದ ಮುಂದೆ ವಿಮಾನದ ಚರಿತ್ರೆಯೆಂದರೆ ರಿಪೇರಿಯ ಚರಿತ್ರೆಯೂ ಹೌದು. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್‌ನಲ್ಲಿ ಪ್ರೊಪೆಲ್ಲರ್ ಸೀಳಿ ಆರ್ವಿಲ್ ರೈಟ್‌ನ ವಿಮಾನ ಬಿದ್ದು, ಜೊತೆಗಿದ್ದ ಲೆಫ್ಟಿನೆಂಟ್ ಸೆಲ್ಫ್ರಿಜ್ ಸತ್ತ. ಎಂಜಿನ್ ಇರುವ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯ ಅವನೇ. 1911ರಲ್ಲಿ ಕ್ಯಾಲ್‌ಬ್ರೆತ್ ರಾಜರ್ಸ್ ಎಂಬಾತ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮದತ್ತ ಹಾರಿದ. ನ್ಯೂಯಾರ್ಕಿನಿಂದ ಪ್ಯಾಸಡೀನಾ ತಲುಪಲು 49 ದಿನ ಬೇಕಾಯಿತು. ಬಿದ್ದದ್ದೆಷ್ಟು ಸಲವೋ! ಬಿಡಿಭಾಗಗಳನ್ನು ತುಂಬಿಕೊಂಡ ವಿಶೇಷ ರೈಲೊಂದು ಅವನ ಹಿಂದೆ ಹೋಗುತ್ತಿತ್ತು. ಆ ರೈಲಿನಲ್ಲಿ ಮೆಕ್ಯಾನಿಕ್ ಆಗಿ ಹೋದವನು ನಮ್ಮ ಟೇಲರ್. ಪಯಣ ಮುಗಿದಾಗ ಹೊರಟ ವಿಮಾನದ ಮೂಲ ಭಾಗಗಳಲ್ಲಿ ಉಳಿದದ್ದು ಕೆಲವೇ ಕೆಲವು. ಪತ್ರಿಕೆಗಳಲ್ಲಿ ಬಂದದ್ದು ಪೈಲಟನ ಚಿತ್ರ.

ಆ ಕಾಲದಲ್ಲಿ ಮೆಕ್ಯಾನಿಕ್ ಆಗುವುದೆಂದರೆ ಇನ್ನೊಬ್ಬ ಮೆಕ್ಯಾನಿಕ್‌ನ ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು, ಅಷ್ಟೇ. ಚೆನ್ನಾಗಿ ಕಲಿತವನ ವಿಮಾನ ಹಾರುತ್ತಿತ್ತು, ಅರ್ಧ ಕಲಿತವನ ವಿಮಾನ ಬೀಳುತ್ತಿತ್ತು. ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವ ಪ್ರಯಾಣಿಕರು ಬಂದ ಮೇಲೆ ಇದು ನಡೆಯುವ ಮಾತಲ್ಲ. 1926ರಲ್ಲಿ ಅಮೆರಿಕದ ಸಂಸತ್ತು ವಾಯು ವಾಣಿಜ್ಯ ಕಾಯಿದೆಯನ್ನು ತಂದಿತು. ಪೈಲಟ್‌ಗೆ ಮಾತ್ರವಲ್ಲ, ಮೆಕ್ಯಾನಿಕ್‌ಗೂ ಸರ್ಕಾರಿ ಲೈಸೆನ್ಸ್ ಇರಬೇಕು ಎಂದಾಯಿತು. ಮೊದಲ ಮೆಕ್ಯಾನಿಕ್ ಲೈಸೆನ್ಸ್ 1927ರ ಜುಲೈ 1ರಂದು ಹೊರಬಂತು. ಅದೇ ವರ್ಷ ಫೀಬಿ ಓಮ್ಲಿ ಎಂಬ ಮಹಿಳೆಯೂ ಅದನ್ನು ಪಡೆದಳು. ಇದು ಗಂಡಸರ ಕಸುಬು ಎಂದುಕೊಂಡಿರುವ ನನ್ನ ಓದುಗರು ಈ ಇಸವಿಯನ್ನು ಇನ್ನೊಮ್ಮೆ ನೋಡಬೇಕು. ಲೈಸೆನ್ಸ್ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಕೈ ಕೆಲಸ ಮಾಡಿದರೆ ಸಾಲದು, ಮಾಡಿದ್ದೇನೆ ಎಂದು ಬರೆದು ಸಹಿ ಹಾಕಬೇಕು. ಆ ಸಹಿಯಿಲ್ಲದೆ ವಿಮಾನ ಮತ್ತೆ ಹಾರುವಂತಿಲ್ಲ.

ಎರಡನೆಯ ಮಹಾಯುದ್ಧ ಈ ಕಸುಬಿಗೆ ಲಕ್ಷಾಂತರ ಜನರನ್ನು ತಂದಿತು, ಅದರ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್.ನ ಮೂಲ ಅದೇ. ಯುದ್ಧ ಭಾರತದ ಬಾಗಿಲಿಗೆ ಬಂದಾಗ ವಿಮಾನ ಕಟ್ಟುವುದಕ್ಕಿಂತ ಕೆಟ್ಟದ್ದನ್ನು ಸರಿಮಾಡುವುದು ತುರ್ತಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಬರ್ಮಾ ಮತ್ತು ಚೀನಾ ರಂಗಗಳಲ್ಲಿ ಜರ್ಜರಿತವಾದ ಬಾಂಬರ್‌ಗಳು, ಸಾಗಣೆ ವಿಮಾನಗಳು ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣ. ನಮ್ಮವರು ಅಮೆರಿಕದ ತಂತ್ರಜ್ಞರ ಪಕ್ಕದಲ್ಲಿ ನಿಂತು ರಿವೆಟ್ ಹೊಡೆಯಲು ಕಲಿತರು. ಇಂದು ಬೆಳ್ಳಂದೂರಿನಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಇದನ್ನು ನೆನೆದರೆ ಸ್ವಲ್ಪ ಹೊತ್ತು ಕಳೆಯುತ್ತದೆ.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಏನಾಯಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಬಾಂಬರ್‌ಗಳ ಎಂಜಿನ್ ಬಿಚ್ಚಿ ಜೋಡಿಸಿದ ಹುಡುಗರು ಊರಿಗೆ ಮರಳಿದರು. 1944ರ ಕಾಯಿದೆಯೊಂದು ಅವರ ಓದಿನ ಖರ್ಚನ್ನು ಸರ್ಕಾರಕ್ಕೆ ವಹಿಸಿತ್ತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವು ಪ್ರತಿ ಊರಿಗೂ ಹತ್ತಿರದಲ್ಲಿ ಕಡಿಮೆ ಶುಲ್ಕದ ಎರಡು ವರ್ಷಗಳ ಕಾಲೇಜು ಇರಬೇಕೆಂದು ವರದಿ ಕೊಟ್ಟಿತು. 'ಕಮ್ಯುನಿಟಿ ಕಾಲೇಜು' ಎಂಬ ಹೆಸರು ಮನೆಮಾತಾದದ್ದು ಆಗಲೇ. ನಮ್ಮ ಪಾಲಿಟೆಕ್ನಿಕ್ಕಿಗೂ ಪದವಿ ಕಾಲೇಜಿಗೂ ನಡುವಿನದು ಎಂದುಕೊಳ್ಳಿ. ಹಗಲು ದುಡಿದು ಸಂಜೆ ಕಲಿಯುವವರು, ಮಕ್ಕಳಿರುವ ತಾಯಂದಿರು, ಹೊಸದಾಗಿ ದೇಶಕ್ಕೆ ಬಂದವರು ಇಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಂಥ ಹಲವು ಕಾಲೇಜುಗಳು ವಿಮಾನ ನಿಲ್ದಾಣದ ಪಕ್ಕದಲ್ಲೇ ಒಂದು ಹ್ಯಾಂಗರ್ ಮಾಡಿಕೊಂಡು, ಹಾರಾಟ ಮುಗಿಸಿದ ಹಳೆಯ ವಿಮಾನಗಳನ್ನು ಒಳಗೆ ನಿಲ್ಲಿಸಿ ಪಾಠ ಆರಂಭಿಸಿದವು. ಫೆಡರಲ್ ನಿಯಮಾವಳಿಯ 147ನೆಯ ಭಾಗ ಇವಕ್ಕೆ ಲೆಕ್ಕ ಹಾಕಿಕೊಟ್ಟಿತು: ಸಾಮಾನ್ಯ ವಿಷಯಗಳಿಗೆ 400 ಗಂಟೆ, ವಿಮಾನದ ಒಡಲಿಗೆ 750, ಎಂಜಿನ್‌ಗೆ 750, ಒಟ್ಟು 1900 ಗಂಟೆ. ಆಮೇಲೆ ಬರವಣಿಗೆ, ಮೌಖಿಕ, ಪ್ರಾಯೋಗಿಕ ಎಂದು ಮೂರು ಬಗೆಯ ಪರೀಕ್ಷೆ.

ಆ ಗಂಟೆಗಳಲ್ಲಿ ಏನು ಕಲಿಸುತ್ತಾರೆ? ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಎಂಜಿನ್ ನಡುಗುವಾಗ ಬೋಲ್ಟು ತಾನಾಗಿ ಸಡಿಲವಾಗಬಾರದೆಂದು ಅದರ ತಲೆಯ ತೂತಿನ ಮೂಲಕ ತೆಳ್ಳನೆಯ ತಂತಿ ಪೋಣಿಸಿ, ಹೆಣೆದು, ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಗುಟ್ಟು ಇರುವುದು ದಿಕ್ಕಿನಲ್ಲಿ. ಒಂದು ಬೋಲ್ಟು ಸಡಿಲವಾಗಲು ತಿರುಗಿದರೆ ತಂತಿ ಇನ್ನೊಂದನ್ನು ಬಿಗಿಯ ಕಡೆಗೇ ಎಳೆಯಬೇಕು. ತಿರುಗುಮುರುಗಾಗಿ ಕಟ್ಟಿದರೆ ನೋಡಲು ಅಷ್ಟೇ ಚಂದ, ಕೆಲಸಕ್ಕೆ ಮಾತ್ರ ಬಾರದು. ರಿವೆಟ್ ಹೊಡೆದರೆ ಚಪ್ಪಟೆಯಾದ ತಲೆಯ ಅಗಲ ಕಾಂಡದ ವ್ಯಾಸದ ಒಂದೂವರೆಯಷ್ಟು, ಎತ್ತರ ಅರ್ಧದಷ್ಟು ಇರಬೇಕು. ಇಲ್ಲದಿದ್ದರೆ ಕೊರೆದು ತೆಗೆದು ಮತ್ತೊಮ್ಮೆ. ಬೋಲ್ಟು ತರುವಾಗ ಕಣ್ಣಳತೆ ಕೂಡದು, ಕೈಪಿಡಿಯಲ್ಲಿ ಬರೆದ ಸಂಖ್ಯೆಯನ್ನೇ ನೋಡಬೇಕು.

ಈ ಕೊನೆಯ ಮಾತು ಅತಿಯಾಯಿತೆಂದು ಅನಿಸಿದರೆ ಬ್ರಿಟನ್ನಿನ ಒಂದು ಘಟನೆ ಕೇಳಿ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ವಿಮಾನವೊಂದರ ಮುಂಗಾಜು 17,300 ಅಡಿ ಎತ್ತರದಲ್ಲಿ ಹಾರಿಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಎಳೆಯಲ್ಪಟ್ಟ. ಸಿಬ್ಬಂದಿ ಅವನ ಕಾಲು ಹಿಡಿದುಕೊಂಡರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ, ಕ್ಯಾಪ್ಟನ್ ಬದುಕಿದ. ಅದಕ್ಕೂ ಮೊದಲು ರಾತ್ರಿ ಪಾಳಿಯಲ್ಲಿ ಹೊಸ ಗಾಜು ಕೂರಿಸಿದವರು ಹಳೆಯ ಬೋಲ್ಟಿನ ಪಕ್ಕದಲ್ಲಿ ಹಿಡಿದು, ಮಂದ ಬೆಳಕಿನಲ್ಲಿ ಕಣ್ಣಳತೆಯಿಂದ ಬೋಲ್ಟು ಆರಿಸಿದ್ದರು. 90ರಲ್ಲಿ 84 ಬೋಲ್ಟುಗಳ ವ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ತಪ್ಪಿತ್ತು.

ಮತ್ತೆ ಅಮೆರಿಕಕ್ಕೆ, ಈ ಸಲ ಹವಾಯಿ ದ್ವೀಪಗಳಿಗೆ ಬನ್ನಿ. 1988ರ ಏಪ್ರಿಲ್ 28, ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ ಹಿಲೋದಿಂದ ಹೊನಲುಲುವಿಗೆ ಹೊರಟಿತ್ತು. 24,000 ಅಡಿಯಲ್ಲಿ ಮುಂಭಾಗದ ಚಾವಣಿ ಸುಮಾರು 18 ಅಡಿಯಷ್ಟು ಕಿತ್ತುಹೋಯಿತು. ಪ್ರಯಾಣಿಕರು ಬಯಲಾದ ಆಕಾಶದಡಿ ಸೀಟಿಗೆ ಬೆಲ್ಟು ಬಿಗಿದುಕೊಂಡು ಕುಳಿತಿದ್ದರು. ನಿಂತು ಕೆಲಸ ಮಾಡುತ್ತಿದ್ದ ಗಗನಸಖಿ ಕ್ಲಾರಾಬೆಲ್ ಲ್ಯಾನ್ಸಿಂಗ್ ಹೊರಗೆ ಸೆಳೆಯಲ್ಪಟ್ಟು ಇಲ್ಲವಾದರು. ಉಳಿದ 94 ಮಂದಿಯನ್ನು ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು.

ಕಾರಣದಲ್ಲಿ ನಿಮ್ಮ ಭೌತಶಾಸ್ತ್ರವಿದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋಗಿ, ಒಂದು ಸಲ ಅದು ತುಂಡಾಗುತ್ತದೆ. ಲೋಹದ ದಣಿವು ಎಂದರೆ ಇದೇ. ವಿಮಾನ ಮೇಲೇರಿದಾಗ ಒಳಗಿನ ಒತ್ತಡಕ್ಕೆ ಅದರ ಒಡಲು ಬಲೂನಿನಂತೆ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ದ್ವೀಪದಿಂದ ದ್ವೀಪಕ್ಕೆ ಗಿಡ್ಡ ಹಾರಾಟ ಮಾಡುತ್ತಾ ಆ ವಿಮಾನ 19 ವರ್ಷಗಳಲ್ಲಿ 89,680 ಸಲ ಹೀಗೆ ಉಬ್ಬಿ ಕುಗ್ಗಿತ್ತು. ತಗಡುಗಳನ್ನು ಅಂಟಿಸಿದ್ದ ಅಂಟು ಬಿಟ್ಟು, ಉಪ್ಪು ತೇವ ಒಳಸೇರಿ, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ತೂತಿನಿಂದ ತೂತಿಗೆ ಕೂದಲೆಳೆಯ ಬಿರುಕುಗಳು ಹರಡಿದ್ದವು. ವಿಮಾನ ಹತ್ತುವಾಗ ಒಬ್ಬ ಮಹಿಳೆ ಬಾಗಿಲ ಬಳಿ ಬಿರುಕೊಂದನ್ನು ಕಂಡಿದ್ದರು. ಯಾರಿಗೂ ಹೇಳಲಿಲ್ಲ. ತನಿಖಾ ವರದಿಯ ಇನ್ನೊಂದು ಭಾಗವನ್ನು ನಾನು ಮರೆಯಲಾರೆ: ಇಂಥ ತಪಾಸಣೆಗೆ ತಪಾಸಕರು ವಿಮಾನದ ಬೆನ್ನಿನ ಮೇಲೆ ಹತ್ತಿ, ಬೀಳದಂತೆ ಹ್ಯಾಂಗರ್ ತೊಲೆಗೆ ಕಟ್ಟಿದ ಹಗ್ಗದ ಆಸರೆ ಪಡೆದು, ದೀಪವನ್ನೂ ಉಪಕರಣವನ್ನೂ ಹಿಡಿದು, ಒಂದೇ ತೆರನಾದ ರಿವೆಟ್‌ಗಳನ್ನು ಒಂದರ ಹಿಂದೆ ಒಂದರಂತೆ ನೋಡುತ್ತಾ ಹೋಗಬೇಕು. ಒಂದು ಪುಟದ ಅಕ್ಷರದೋಷ ತಿದ್ದುವಷ್ಟರಲ್ಲೇ ನಮ್ಮ ಕಣ್ಣು ಸೋಲುತ್ತದಲ್ಲವೇ?

ಅಪಘಾತದ ತರುವಾಯ ಹಳೆಯ ವಿಮಾನಗಳ ತಪಾಸಣೆಗೆ ಹೊಸ ಕಟ್ಟಳೆಗಳು ಬಂದವು. ದಣಿದ ಲೋಹದಷ್ಟೇ ದಣಿದ ಮನುಷ್ಯನನ್ನೂ ಅಧ್ಯಯನ ಮಾಡಬೇಕೆಂಬ ವಿಚಾರ ಬಲವಾಯಿತು. ಅದೇ ಹೊನಲುಲುವಿನ ಕಮ್ಯುನಿಟಿ ಕಾಲೇಜಿನಲ್ಲಿ ವಿಮಾನ ನಿರ್ವಹಣೆಯ ಕೋರ್ಸಿದೆ. ಲೋಹದ ದಣಿವು ಅಲ್ಲಿಯವರಿಗೆ ಪುಸ್ತಕದ ವಿಷಯ ಮಾತ್ರವಲ್ಲ, ತಮ್ಮ ಊರಿಗೆ ಬರಬೇಕಾಗಿದ್ದ ವಿಮಾನದ ಕತೆ.

ಅಮೆರಿಕದ ಈ ಪಾಠಕ್ರಮಕ್ಕೆ ಟೀಕೆಗಳೂ ಬಂದವು. ಆಕಾಶದಲ್ಲಿ ಜೆಟ್‌ಗಳು ಹಾರುತ್ತಿರುವಾಗ ಕಾಲೇಜಿನಲ್ಲಿ ಇನ್ನೂ ಮರ ಮತ್ತು ಬಟ್ಟೆಯ ರೆಕ್ಕೆಯ ರಿಪೇರಿಯನ್ನೇ ಕಲಿಸುತ್ತಾರೆ ಎಂಬುದು ಮುಖ್ಯ ದೂರು. ಅದರಲ್ಲಿ ನಿಜವಿತ್ತು. ಕಂಪ್ಯೂಟರ್ ನಡೆಸುವ ವಿಮಾನಕ್ಕೆ ಬಟ್ಟೆ ಹೊಲಿಯುವವನು ಸಾಲದು. ಆದರೂ ಬಟ್ಟೆ ಹೊಲಿದವನ ಬೆರಳಿಗೆ ಬರುವ ತಾಳ್ಮೆಯನ್ನು ಬೇರೆ ಯಾವುದರಿಂದ ತರುವುದೋ ನನಗೆ ತಿಳಿಯದು. 2022ರಲ್ಲಿ ಹೊಸ ನಿಯಮ ಬಂದು 1900 ಗಂಟೆಗಳ ಲೆಕ್ಕವನ್ನು ಕೈಬಿಟ್ಟಿತು. ಎಷ್ಟು ಹೊತ್ತು ಕೂತೆ ಎನ್ನುವುದರ ಬದಲು ಏನು ಬಲ್ಲೆ, ಏನು ಮಾಡಬಲ್ಲೆ ಎಂದು ಕೇಳುವ ಕ್ರಮ ಅದು. ಮಾನವ ದೋಷದ ಪಾಠ ಅದರಲ್ಲಿ ಸೇರಿದೆ.

ನಮ್ಮಲ್ಲಿ ಇದು ಹೇಗೆ ಎಂದು ನೀವು ಕೇಳಬಹುದು. ಇಲ್ಲಿ ಈ ಕೆಲಸಕ್ಕೆ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಬೇಕು, ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ತರಬೇತಿ ಸಂಸ್ಥೆಗಳ ನಿಯಮಕ್ಕೆ ಇಲ್ಲಿಯೂ 147 ಎಂಬ ಅಂಕಿಯೇ ಇದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಸೇರಬಹುದು. ಸೇರುವ ಮೊದಲು ಸಂಸ್ಥೆಗೆ ನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಜಾಹೀರಾತಿನ ವಿಮಾನದ ಚಿತ್ರ ನೋಡಿ ಶುಲ್ಕ ಕಟ್ಟಬೇಡಿ. ಕೋರ್ಸು ಮುಗಿದೊಡನೆ ಲೈಸೆನ್ಸ್ ಕೈಗೆ ಬರುವುದಿಲ್ಲ, ಪರೀಕ್ಷೆಗಳೂ ನಿಜವಾದ ವಿಮಾನದ ಮೇಲಿನ ಅನುಭವವೂ ಬೇಕು.

ಟೇಲರ್ ಏನಾದ ಎಂದು ಹೇಳದೆ ಬಿಟ್ಟರೆ ನೀವು ನನ್ನನ್ನು ಬಿಡಲಾರಿರಿ. 1930ರ ದಶಕದಲ್ಲಿ ಹೆನ್ರಿ ಫೋರ್ಡ್ ರೈಟ್ ಸಹೋದರರ ಅಂಗಡಿಯನ್ನು ತನ್ನ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಲು ಹೊರಟಾಗ ಅವನನ್ನು ಹುಡುಕಿಸಿದ. ಸಿಕ್ಕಿದ್ದು ಲಾಸ್ ಏಂಜಲೀಸಿನ ವಿಮಾನ ಕಾರ್ಖಾನೆಯೊಂದರಲ್ಲಿ, ಗಂಟೆಗೆ 37 ಸೆಂಟ್ ಕೂಲಿಗೆ ದುಡಿಯುತ್ತಾ. ಪಕ್ಕದವರಿಗೂ ಅವನು ಯಾರೆಂದು ತಿಳಿದಿರಲಿಲ್ಲ. 1948ರಲ್ಲಿ ತೀರಿಕೊಂಡ ಆರ್ವಿಲ್ ತನ್ನ ಉಯಿಲಿನಲ್ಲಿ ಅವನಿಗೆ ವರ್ಷಕ್ಕೆ 800 ಡಾಲರ್ ಬರೆದಿಟ್ಟಿದ್ದ, ಅದು ಹೊಟ್ಟೆಗೆ ಸಾಲಲಿಲ್ಲ. 1956ರ ಜನವರಿ 30ರಂದು ಟೇಲರ್ ತೀರಿಕೊಂಡ. ಈ ಕಸುಬಿನಲ್ಲಿ 50 ವರ್ಷ ಸೇವೆ ಮಾಡಿದವರಿಗೆ ಅಮೆರಿಕದ ವಿಮಾನಯಾನ ಇಲಾಖೆ ಇಂದು ಅವನ ಹೆಸರಿನ ಪ್ರಶಸ್ತಿ ಕೊಡುತ್ತದೆ.

ನಮ್ಮ ಕಾರ್ಯಕ್ರಮಗಳ ಕೊನೆಯಲ್ಲಿ ತಂತ್ರಜ್ಞರ ಹೆಸರುಗಳು ತೆರೆಯ ಮೇಲೆ ಓಡುತ್ತವೆ, ಓದುವಷ್ಟರಲ್ಲಿ ಮುಗಿಯುತ್ತವೆ. ವಿಮಾನದ ಲಾಗ್ ಪುಸ್ತಕದಲ್ಲಿ ಹಾಗಲ್ಲ. ಏನು ಮಾಡಿದೆ, ಯಾವ ದಿನಾಂಕ, ಹೆಸರು, ಸಹಿ, ಲೈಸೆನ್ಸ್ ಸಂಖ್ಯೆ ಎಂದು ಒಂದು ಸಾಲು ಬರೆದಿರುತ್ತದೆ. ನೀವು ಕಿಟಕಿ ಪಕ್ಕದಲ್ಲಿ ಕುಳಿತು ರೆಕ್ಕೆಯ ಚಿತ್ರ ತೆಗೆಯುವ ಮೊದಲೇ ಒಬ್ಬರು ಆ ಸಾಲು ಬರೆದು, ಉಪಕರಣಗಳನ್ನು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ಹಾಕಿ, ಮನೆಗೆ ಹೋಗಿರುತ್ತಾರೆ.