ಮೊಲೆ ಎಂಬ ಮಾತು: ಕಳಲೆಯ ಎರಡು ಗ್ರಂಥಗಳು ಮತ್ತು ಜನಪದರ ಅರಿವು

ನಂಜನಗೂಡು ತಾಲ್ಲೂಕಿನ ಕಳಲೆಯು ನಾಡಿನ ಚರಿತ್ರೆಯಲ್ಲಿ ದಳವಾಯಿಗಳ ಊರೆಂದೇ ಪ್ರಸಿದ್ಧ. ಅವರ ರಾಜಕಾರಣವನ್ನೂ ಅಲ್ಲಿಯ ಲಕ್ಷ್ಮೀಕಾಂತಸ್ವಾಮಿ ದೇವಾಲಯವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಪ್ರಸ್ತುತ ಲೇಖನಕ್ಕೆ ಬೇಕಾದುದು ಆ ಮನೆತನದೊಡನೆ ಹೆಸರು ಬೆಸೆದುಕೊಂಡಿರುವ ಎರಡು ಗ್ರಂಥಗಳು. ಕಳಲೆಯ ವೀರರಾಜನು ಸುಮಾರು 1720ರಲ್ಲಿ ‘ಸಕಲವೈದ್ಯಸಂಹಿತಾಸಾರಾರ್ಣವ’ವೆಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದೇ ಶತಮಾನದ ನಡುಭಾಗದಲ್ಲಿ ಕಳಲೆಯ ನಂಜರಾಜನ ಆಶ್ರಯದಲ್ಲಿದ್ದ ನೃಸಿಂಹಕವಿಯು ಸಂಸ್ಕೃತದಲ್ಲಿ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಶಾಸ್ತ್ರ ಗ್ರಂಥವನ್ನು ಬರೆದನು. ಹೀಗೆ ವೈದ್ಯ ಮತ್ತು ಅಲಂಕಾರ ಎರಡೂ ಒಂದೇ ಮನೆಯ ಅಂಗಳದಲ್ಲಿ ಬೆಳೆದವು. ಸ್ತ್ರೀದೇಹವನ್ನು, ಅದರಲ್ಲಿಯೂ ಸ್ತನವನ್ನು, ಈ ಎರಡು ಪರಂಪರೆಗಳು ನೋಡಿದ ಬಗೆ ಮಾತ್ರ ಬೇರೆ ಬೇರೆ.

ಅಲಂಕಾರ ಪರಂಪರೆಯ ನಾಯಿಕೆಗೆ ಇರುವುದು ಒಂದೇ ಅಳತೆ. ಕಲಶ, ಚಕ್ರವಾಕ, ಆನೆಯ ಕುಂಭಸ್ಥಳ - ಉಪಮಾನಗಳು ಬದಲಾದರೂ ಆಕಾರ ಬದಲಾಗದು. ಹೊಯ್ಸಳ ಶಿಲ್ಪಿಗಳ ಮದನಿಕೆಯರಲ್ಲಿ ಭಂಗಿ, ಆಭರಣಗಳ ವೈವಿಧ್ಯವೆಷ್ಟೋ ಇದೆ. ಎದೆಯ ಗಾತ್ರದಲ್ಲಿ ಅಂತಹ ವೈವಿಧ್ಯ ಕಾಣುವುದಿಲ್ಲ. ಕಾವ್ಯಕ್ಕೂ ಶಿಲ್ಪಕ್ಕೂ ಇದು ದೋಷವಲ್ಲ. ಆದರೆ ಕಲೆಯ ಅಳತೆಯನ್ನು ಮನೆಯ ಹೆಣ್ಣುಮಕ್ಕಳ ಮೈಗೆ ಹಿಡಿದು ನೋಡುವ ಪ್ರವೃತ್ತಿಯೇ ತೊಡಕಿನ ಮೂಲ.

ವೈದ್ಯ ಪರಂಪರೆಯ ದೃಷ್ಟಿ ಹೆಚ್ಚು ಸಮಚಿತ್ತದ್ದು. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಹಾಲೂಡುವ ದಾದಿಯನ್ನು ಆರಿಸುವ ಸಂದರ್ಭದಲ್ಲಿ ಸ್ತನದ ಲಕ್ಷಣಗಳು ಬರುತ್ತವೆ. ಅತಿಯಾಗಿ ಕೃಶವೂ ಅಲ್ಲದೆ, ಅತಿಯಾಗಿ ಪೀನವೂ ಅಲ್ಲದೆ, ತಕ್ಕ ತೊಟ್ಟುಳ್ಳದ್ದಾಗಿ, ಮಗುವಿಗೆ ಸುಖವಾಗಿ ಕುಡಿಯಲು ಒದಗುವಂತಿರಬೇಕು ಎಂಬುದು ಅಲ್ಲಿನ ತಾತ್ಪರ್ಯ. ಇಲ್ಲಿ ಒರೆಗಲ್ಲು ನೋಡುವವನ ಕಣ್ಣಲ್ಲ, ಕುಡಿಯುವ ಕೂಸಿನ ಬಾಯಿ. ಸುಶ್ರುತನು ಒಂದೊಂದು ಸ್ತನದಲ್ಲಿಯೂ ಐದೈದು ಪೇಶಿಗಳನ್ನು ಹೇಳಿ, ಅವು ಯೌವನದಲ್ಲಿ ವೃದ್ಧಿಯಾಗುತ್ತವೆ ಎನ್ನುತ್ತಾನೆ. ಇಂದಿನ ಅಂಗರಚನಾಶಾಸ್ತ್ರ ಇದನ್ನು ಒಪ್ಪದು. ತೊಟ್ಟು ಮತ್ತು ಅದರ ಸುತ್ತಣ ಕಪ್ಪು ವಲಯದ ನವಿರಾದ ಸ್ನಾಯುವನ್ನು ಬಿಟ್ಟರೆ ಸ್ತನದೊಳಗೆ ಮಾಂಸಪೇಶಿಯಿಲ್ಲ. ಎದೆಯ ದೊಡ್ಡ ಪೇಶಿ ಅದರ ಹಿಂದೆ ಇದೆ.

ಸ್ತನವು ಸಾಮಾನ್ಯವಾಗಿ 2ನೆಯ ಪಕ್ಕೆಲುಬಿನಿಂದ 6ನೆಯದರವರೆಗೆ ಹರಡಿ, ಕಂಕುಳಿನ ಕಡೆಗೆ ಒಂದು ಬಾಲದಂತೆ ಚಾಚಿರುತ್ತದೆ. ಹಾಲಿನ ಗ್ರಂಥಿ, ಕ್ಷೀರನಾಳ, ಕೊಬ್ಬು ಮತ್ತು ಇವನ್ನು ಹಿಡಿದಿಡುವ ತಂತುಪಟ್ಟಿಗಳಿಂದ ಅದು ಆಗಿದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಪ್ರಕಟಿಸಿದ ಗ್ರಂಥದ ಕಾರಣ ಆ ಪಟ್ಟಿಗಳಿಗೆ ಇಂದಿಗೂ ಅವನ ಹೆಸರಿದೆ. ಹೆಂಗಸರ ನಡುವಣ ಗಾತ್ರಭೇದಕ್ಕೆ ಬಹುಮಟ್ಟಿಗೆ ಕೊಬ್ಬಿನ ಪ್ರಮಾಣವೇ ಕಾರಣ. ವಂಶ, ಮೈತೂಕ, ವಯಸ್ಸು, ಬಸಿರು ಬಾಣಂತನ, ತಿಂಗಳ ಋತುಚಕ್ರ ಕೂಡ ಗಾತ್ರವನ್ನು ಬದಲಿಸುತ್ತವೆ. ಒಬ್ಬಳದೇ ಎರಡು ಸ್ತನಗಳು ತುಸು ಹೆಚ್ಚುಕಡಿಮೆಯಾಗಿರುವುದು ಸಹಜ, ರೋಗವಲ್ಲ. ಹೊಸದಾಗಿ ಕಂಡ ವ್ಯತ್ಯಾಸವನ್ನು ಮಾತ್ರ ವೈದ್ಯರಿಗೆ ತೋರಿಸಬೇಕು. ಒಮ್ಮೆಗೆ ಎಷ್ಟು ಹಾಲು ತುಂಬಿರಬಲ್ಲದು ಎಂಬುದು ತಾಯಿಯಿಂದ ತಾಯಿಗೆ ಭಿನ್ನ. ಆದರೆ ದಿನವಿಡೀ ಒದಗುವ ಹಾಲು ಕೂಸು ಎಷ್ಟು ಸಲ, ಎಷ್ಟು ಚೆನ್ನಾಗಿ ಕುಡಿದು ಬರಿದು ಮಾಡುತ್ತದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ, ಹೊರಗಿನ ಗಾತ್ರವನ್ನಲ್ಲ.

ಈ ತತ್ತ್ವ ನಮ್ಮ ರೈತರಿಗೆ ಹೊಸದಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆ ದನಗಳ ಪರಿಷೆಗೆ ಹೆಸರಾದುದು. ಹಾಲಿಗಾಗಿ ಹಸು ಕೊಳ್ಳುವ ಅನುಭವಿ ರೈತ ಬರಿಯ ದೊಡ್ಡ ಕೆಚ್ಚಲಿಗೆ ಮರುಳಾಗುವುದಿಲ್ಲ. ಕರೆದ ಮೇಲೆ ಕೆಚ್ಚಲು ಚರ್ಮದ ಚೀಲದಂತೆ ಕುಗ್ಗಿದರೆ ಅದು ಹಾಲಿನ ಕೆಚ್ಚಲು. ಕರೆದರೂ ತುಂಬಿದಂತೆಯೇ ಉಳಿದರೆ ಅದು ಮಾಂಸದ ಕೆಚ್ಚಲು. ಹಸುವಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ಸಮಾಜವೇ ಬಾಣಂತಿಯ ವಿಷಯದಲ್ಲಿ ‘ಇವಳಿಗೆ ಎದೆಯೇ ಇಲ್ಲ, ಹಾಲೆಲ್ಲಿಂದ ಬಂದೀತು’ ಎಂದುಬಿಡುತ್ತದೆ! ಆ ಒಂದು ಮಾತಿಗೆ ಧೈರ್ಯಗೆಟ್ಟ ತಾಯಿ ಡಬ್ಬಿಯ ಹಾಲಿಗೆ ಕೈಚಾಚುತ್ತಾಳೆ. ಕೂಸು ಮೊಲೆಯುಣ್ಣುವುದು ಕಡಿಮೆಯಾದಂತೆ ಹಾಲು ನಿಜವಾಗಿಯೂ ಬತ್ತುತ್ತದೆ. ಆಡಿದ ಮಾತು ತಾನೇ ಸತ್ಯವಾದಂತೆ ತೋರುತ್ತದೆ. ಶಿಶು ಆಹಾರದ ಜಾಹೀರಾತನ್ನು ನಿಷೇಧಿಸುವ ಕೇಂದ್ರ ಕಾಯಿದೆ 1992ರಲ್ಲಿಯೇ ಬಂದಿದೆ. ಮನೆಯೊಳಗಿನ ಇಂತಹ ಮಾತಿಗೆ ಕಾಯಿದೆಯಿಲ್ಲ.

ಭಾಷೆಯದೂ ಇಲ್ಲಿ ಪಾಲಿದೆ. ‘ಮೊಲೆ’ ಅಚ್ಚ ದ್ರಾವಿಡ ಪದ. ತಮಿಳಿನ ‘ಮುಲೈ’, ಮಲಯಾಳದ ‘ಮುಲ’ ಇದರ ಸೋದರಿಯರು. ಮೊಲೆಗೂಸು, ಮೊಲೆಹಾಲು, ಮೊಲೆಯೂಡು ಎಂಬ ಮಾತುಗಳಲ್ಲಿ ನಾಚಿಕೆಯ ಸುಳಿವೂ ಇಲ್ಲ. ವಿದ್ಯಾವಂತರ ಬಳಕೆಯಲ್ಲಿ ಅದು ಅಸಭ್ಯವೆನಿಸಿ, ‘ಸ್ತನ’ ಪುಸ್ತಕಕ್ಕೂ ‘ಎದೆ’ ಮಾತುಕತೆಗೂ ಹಂಚಿಹೋದವು. ಹೆಸರು ಹೇಳಲೇ ಹಿಂಜರಿಯುವ ಅಂಗದ ನೋವನ್ನಾಗಲಿ ಗಂಟನ್ನಾಗಲಿ ಹೆಣ್ಣುಮಗಳು ಸಕಾಲಕ್ಕೆ ಹೇಳಿಕೊಳ್ಳುವುದು ಕಷ್ಟ. ಜಾನಪದ ಸಂಪಾದಕರು ಹಾಡು ಕತೆಗಳಿಂದ ಈ ಪದವನ್ನು ತಿದ್ದಿ ತೆಗೆಯುವುದು, ನನ್ನ ದೃಷ್ಟಿಯಲ್ಲಿ, ಪಾಠಕ್ಕೂ ಹಾಡಿದವಳಿಗೂ ಮಾಡುವ ಅನ್ಯಾಯ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ವೈದ್ಯರು ಇಂದು ಕೇಳುವ ಗುರುತುಗಳು ತಾಯಿಯ ಮೈಯಲ್ಲಿಲ್ಲ, ಕೂಸಿನಲ್ಲಿವೆ: ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುವುದು, ತೂಕ ಏರುವುದು, ಕುಡಿಯುವಾಗ ನುಂಗುವ ಸದ್ದು ಕೇಳುವುದು. ಇವುಗಳಲ್ಲಿ ಮೊದಲನೆಯದು ಕೂಸಿನ ಬಟ್ಟೆ ಒಗೆಯುವ ಅಜ್ಜಿಗೆ ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ.