ಪಿ.ಎಲ್. 480: ಗೋಧಿಯ ರೂಪಾಯಿಯಿಂದ ನಡೆದ ಸಾಂಸ್ಕೃತಿಕ ಕಾರ್ಯಕ್ರಮಗಳು

ಹರಿಹರ ತಾಲ್ಲೂಕಿನ ಭಾನುವಳ್ಳಿಯಂಥ ಊರುಗಳಲ್ಲಿ ಅರವತ್ತರ ದಶಕವನ್ನು ಕಂಡ ಹಿರಿಯರಿಗೆ ‘ಅಮೆರಿಕದ ಗೋಧಿ’ ಎಂಬ ಮಾತು ಅಪರಿಚಿತವಲ್ಲ. ಜೋಳ ಮತ್ತು ಅಕ್ಕಿಯನ್ನು ಉಣ್ಣುವ ಸೀಮೆಗೆ ಬರಗಾಲದ ದಿನಗಳಲ್ಲಿ ಹಡಗಿನಿಂದಿಳಿದ ಗೋಧಿ ಬಂದಿತು. ಆ ಗೋಧಿಗೆ ಭಾರತ ತೆತ್ತ ಹಣ ಏನಾಯಿತು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ಅದರ ಒಂದು ಪಾಲು ಪುಸ್ತಕ, ವಿದ್ಯಾರ್ಥಿವೇತನ ಹಾಗೂ ಸಂಶೋಧನೆಗೆ ಸಂದಿತು. ಕನ್ನಡ ಗ್ರಂಥಗಳು ಅಮೆರಿಕದ ವಿಶ್ವವಿದ್ಯಾಲಯಗಳನ್ನು ಸೇರಿದ್ದೂ ಇದೇ ಹಣದಿಂದ.

ನಿಧಿ ಹುಟ್ಟಿದ ಬಗೆ

1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಸಾರ್ವಜನಿಕ ಕಾನೂನು 480, ಆ ದೇಶದ ಹೆಚ್ಚುವರಿ ಕೃಷಿ ಉತ್ಪನ್ನಗಳನ್ನು ಕೊಳ್ಳುವ ದೇಶದ ನಾಣ್ಯದಲ್ಲಿಯೇ ಮಾರಲು ಅವಕಾಶ ನೀಡಿತು. ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಗೋಧಿಯೊಡನೆ ಹತ್ತಿಯೂ ಅದರಲ್ಲಿ ಸೇರಿತ್ತೆಂಬುದು ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಓದುಗರಿಗೆ ಕುತೂಹಲಕರ. 1960ರ ಒಪ್ಪಂದವು ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ ಹಾಗೂ 10 ಲಕ್ಷ ಟನ್ ಅಕ್ಕಿಯನ್ನು ಒದಗಿಸುವಂಥದಾಗಿತ್ತು.

ಡಾಲರ್ ಕೊರತೆಯಿಂದ ಬಳಲುತ್ತಿದ್ದ ಭಾರತಕ್ಕೆ ರೂಪಾಯಿಯಲ್ಲಿ ಪಾವತಿಸುವುದು ಅನುಕೂಲವಾಯಿತು. ಆದರೆ ರೂಪಾಯಿಯನ್ನು ಡಾಲರ್‌ಗೆ ಪರಿವರ್ತಿಸಿಕೊಂಡು ಒಯ್ಯುವಂತಿರಲಿಲ್ಲವಾದ್ದರಿಂದ ಹಣ ಭಾರತದಲ್ಲಿಯೇ ಅಮೆರಿಕದ ಖಾತೆಯಲ್ಲಿ ಬೆಳೆಯುತ್ತಾ ಹೋಯಿತು. ಅದರ ಹೆಚ್ಚಿನ ಭಾಗ ಸಾಲ ಮತ್ತು ಅನುದಾನವಾಗಿ ಭಾರತದ ಅಭಿವೃದ್ಧಿ ಯೋಜನೆಗಳಿಗೇ ಮರಳಿತು. ಉಳಿದ ಪಾಲು ರಾಯಭಾರ ಕಚೇರಿಯ ವೆಚ್ಚ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಮೀಸಲಾಯಿತು. ಕೇರ್ ಸಂಸ್ಥೆಯ ಮೂಲಕ ಶಾಲಾಮಕ್ಕಳಿಗೆ ಹಂಚಿದ ಆಹಾರ ಇದೇ ಕಾನೂನಿನ ಬೇರೊಂದು ವಿಭಾಗದ ದಾನವಾಗಿತ್ತು. ಅದರಿಂದ ಇಂಥ ನಿಧಿ ಹುಟ್ಟಲಿಲ್ಲ.

ವಿದ್ಯಾರ್ಥಿವೇತನ ಮತ್ತು ಗ್ರಂಥಗಳು

ಪರದೇಶದ ನಾಣ್ಯದಲ್ಲಿ ಸಾಂಸ್ಕೃತಿಕ ವೆಚ್ಚ ಭರಿಸುವ ಪದ್ಧತಿ ಇದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ನಂತರ ಉಳಿದ ಸಾಮಗ್ರಿಯನ್ನು ಹೊರದೇಶಗಳಲ್ಲಿ ಮಾರಿ ಬಂದ ಹಣವನ್ನು ವಿದ್ಯಾವಿನಿಮಯಕ್ಕೆ ಬಳಸಲು 1946ರ ಫುಲ್‌ಬ್ರೈಟ್ ಕಾಯಿದೆ ದಾರಿ ಮಾಡಿತು. ಭಾರತದೊಡನೆ ಈ ಕುರಿತ ಒಪ್ಪಂದ 1950ರ ಫೆಬ್ರುವರಿ 2ರಂದು ಆಯಿತು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದ್ದು ಫುಲ್‌ಬ್ರೈಟ್ ವಿದ್ವಾಂಸರಾಗಿಯೇ. ಮುಂದೆ ಷಿಕಾಗೋದಲ್ಲಿ ನೆಲೆಸಿ ಶಿವಶರಣರ ವಚನಗಳನ್ನೂ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಇಂಗ್ಲಿಷಿಗೆ ತಂದರು.

1958ರ ತಿದ್ದುಪಡಿಯು ಪಿ.ಎಲ್. 480 ಹಣದಿಂದ ಪುಸ್ತಕ ಖರೀದಿಸುವ ಅಧಿಕಾರವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ನೀಡಿತು. 1962ರಲ್ಲಿ ಆರಂಭವಾದ ಅದರ ನವದೆಹಲಿ ಕಚೇರಿಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಸಂಗ್ರಹಿಸಿ ಷಿಕಾಗೋ, ಪೆನ್ಸಿಲ್ವೇನಿಯಾ ಮುಂತಾದ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. 1961ರಲ್ಲಿ ಸ್ಥಾಪಿತವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಶೋಧನೆಗೂ, ಅಮೆರಿಕದ ಪಠ್ಯಪುಸ್ತಕಗಳ ಅಗ್ಗದ ಭಾರತೀಯ ಮುದ್ರಣಕ್ಕೂ ಈ ರೂಪಾಯಿಗಳು ಒದಗಿದವು.

ಆಕ್ಷೇಪಗಳು

ಪರದೇಶವೊಂದರ ಕೈಯಲ್ಲಿ ನಮ್ಮದೇ ನಾಣ್ಯ ರಾಶಿಬಿದ್ದಿರುವುದು ಸ್ವಾಭಿಮಾನದ ಪ್ರಶ್ನೆಯಾಯಿತು. ಅಷ್ಟು ಹಣ ಒಮ್ಮೆಗೇ ಚಲಾವಣೆಗೆ ಬಂದರೆ ಬೆಲೆ ಏರೀತೆಂಬ ಆತಂಕವೂ ಇತ್ತು. 1966ರಲ್ಲಿ ಇಂದಿರಾ ಗಾಂಧಿಯವರ ಅಮೆರಿಕ ಭೇಟಿಯ ವೇಳೆ ಅಧ್ಯಕ್ಷ ಜಾನ್ಸನ್, 30 ಕೋಟಿ ಡಾಲರ್ ಮೌಲ್ಯದ ರೂಪಾಯಿಗಳಿಂದ ಇಂಡೋ-ಅಮೆರಿಕನ್ ಶೈಕ್ಷಣಿಕ ಪ್ರತಿಷ್ಠಾನ ಸ್ಥಾಪಿಸುವ ಪ್ರಸ್ತಾವ ಮುಂದಿಟ್ಟರು. ನಮ್ಮ ವಿದ್ಯಾಕ್ಷೇತ್ರದಲ್ಲಿ ಹೊರಗಿನವರ ಪ್ರಭಾವ ಬೆಳೆದೀತೆಂಬ ತೀವ್ರ ವಿರೋಧದಿಂದ ಅದು ಕೈಗೂಡಲಿಲ್ಲ. ಕಾನ್ಸುಲೇಟ್ ಇಲ್ಲದ ನಗರಗಳಲ್ಲಿ ವಿದೇಶಿ ಸರ್ಕಾರಗಳು ಸಾಂಸ್ಕೃತಿಕ ಕೇಂದ್ರ ನಡೆಸಬಾರದೆಂದು 1970ರಲ್ಲಿ ಭಾರತ ಸರ್ಕಾರ ಸೂಚಿಸಿತು.

ಕೊನೆ ಮತ್ತು ಉಳಿದದ್ದು

1966ರ ತಿದ್ದುಪಡಿಯು ಸ್ಥಳೀಯ ನಾಣ್ಯದ ಮಾರಾಟವನ್ನು 1971ರ ಅಂತ್ಯದೊಳಗೆ ಕೈಬಿಡಲು ನಿರ್ಧರಿಸಿತು. 1974ರ ಫೆಬ್ರುವರಿ 18ರಂದು ಅಮೆರಿಕದ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಸುಮಾರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಸ್ತಾಂತರಿಸಿದರು. ಉಳಿಸಿಕೊಂಡ ಹಣದಿಂದ ಕೆಲವು ಕಾರ್ಯಕ್ರಮಗಳು ಮುಂದುವರಿದವು. ಫುಲ್‌ಬ್ರೈಟ್ ಯೋಜನೆಯ ವೆಚ್ಚವನ್ನು ಎರಡೂ ದೇಶಗಳು ಸಮಾನವಾಗಿ ಹಂಚಿಕೊಳ್ಳುವ ಒಪ್ಪಂದ 2008ರಲ್ಲಿ ಆಯಿತು. ಅದಕ್ಕೆ ನೆಹರೂ ಹೆಸರೂ ಸೇರಿತು. ಪುಸ್ತಕ ಸಂಗ್ರಹಣೆಯು ರೂಪಾಯಿ ನಿಧಿ ಮುಗಿದ ಮೇಲೆ ಆಯಾ ಗ್ರಂಥಾಲಯಗಳ ಸ್ವಂತ ಹಣದಿಂದ ಮುಂದುವರಿಯಿತು.

ಈ ಇತಿಹಾಸಕ್ಕೆ ಎರಡು ಮುಖಗಳಿವೆ. ಹಸಿದ ದೇಶದ ಪಾವತಿಯಿಂದ ಶ್ರೀಮಂತ ದೇಶ ತನ್ನ ದನಿಯನ್ನು ಹರಡಿತೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದೇ ಹಣ ಕನ್ನಡದ ಪುಸ್ತಕಗಳನ್ನು ಸಮುದ್ರದಾಚೆ ಕಾಪಿಟ್ಟಿತೆಂಬುದೂ ನಿಜ. ಕನ್ನಡವನ್ನು ಹೊರನಾಡಿನಲ್ಲಿ ನೆಲೆಗೊಳಿಸುವ ವೆಚ್ಚವನ್ನು ಅಂದು ಗೋಧಿಯ ರೂಪಾಯಿ ಭರಿಸಿತು. ಇನ್ನು ಮುಂದೆ ಅದನ್ನು ಭರಿಸಬೇಕಾದವರು ಯಾರು ಎಂಬುದನ್ನು ಕನ್ನಡಿಗರೇ ತೀರ್ಮಾನಿಸಬೇಕಾಗಿದೆ.