ಹೆಸರು ಬದಲಾದ ವರ್ಷದ ಗೆಲುವು

1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಅದೇ ಋತುವಿನಲ್ಲಿ ರಾಜ್ಯದ ಕ್ರಿಕೆಟ್ ತಂಡವೂ ಹೊಸ ಹೆಸರಿನೊಡನೆ ರಣಜಿ ಟ್ರೋಫಿಯ ಕಣಕ್ಕಿಳಿಯಿತು. ಎರ್ರಪಳ್ಳಿ ಪ್ರಸನ್ನ ಅದರ ನಾಯಕರು.

ಮುಂಬಯಿ ತಂಡವು ಅದುವರೆಗೆ ಸತತವಾಗಿ 15 ವರ್ಷ ಪ್ರಶಸ್ತಿಯನ್ನು ಗೆದ್ದಿತ್ತು. 1941-42 ಮತ್ತು 1959-60ರ ಅಂತಿಮ ಪಂದ್ಯಗಳಲ್ಲಿ ಮೈಸೂರು ಸೋತದ್ದೂ ಅದಕ್ಕೇ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಕರ್ನಾಟಕದ ಮೊತ್ತ 385. ಗಾವಸ್ಕರ್ ಪ್ರಸನ್ನರ ಎಸೆತಕ್ಕೆ ಬೌಲ್ಡ್ ಆದರು. ವಾಡೇಕರ್ ರನೌಟ್ ಆದರು. ಮುಂಬಯಿ 307ಕ್ಕೆ ಕುಸಿಯಿತು. ಮೊದಲ ಇನ್ನಿಂಗ್ಸ್‌ನ ಮುನ್ನಡೆಯೇ ಜಯವನ್ನು ನಿರ್ಧರಿಸಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಮಣಿಸಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಎತ್ತಿತು.

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿಯೇ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದವು. ಹೀಗಾಗಿ ಆ ಹೊಸ ಹೆಸರಿನ ನಾಡಿನೊಳಗೆ ನಮಗೆ ಎಡೆ ದೊರೆಯಲಿಲ್ಲ. ಇಲ್ಲಿಯ ಆಟಗಾರರ ತಂಡವೂ ಆಂಧ್ರವೇ ಆಯಿತು. ಆದರೂ ಆ ವಿಜಯವನ್ನು ನಮ್ಮದೆಂದು ನೆನೆಯಲು ಗಡಿಯ ಅಪ್ಪಣೆ ಬೇಕಿಲ್ಲ. ಈ ಕಥೆಯನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ಹೇಳೋಣ.